ಬಲಗೈ ಬಂಟನ ಮುಷ್ಕರ

ಮಾತು ಆಡದಿದ್ದರೆ ಹೋಯಿತು, ಮೈಕು ಒಡೆದರೆ ಹೋಯಿತು. ಗಾದೆ ಹೀಗಿಲ್ಲವೆಂದು ನನಗೂ ಗೊತ್ತು, ಆದರೆ ನಮ್ಮ ಡಬ್ಬಿಂಗ್ ಸ್ಟುಡಿಯೋದಲ್ಲಿ ಇದೇ ಸರಿ. ನಂಬದವರಿಗಾಗಿ, ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಉಪ್ಪುಖಾರ ಹಚ್ಚಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ. ಹೊಟ್ಟೆಪಾಡು ನಡೆಯುವುದು ಅದರಿಂದಲೇ.

ಪರಭಾಷೆಯ ಮಾಫಿಯಾ ಧಾರಾವಾಹಿಯೊಂದಕ್ಕೆ ನಾವು ಮಾತು ಕೂಡಿಸುತ್ತಿದ್ದೆವು. ಅದರಲ್ಲಿ ಧಣಿ ಎಂಬ ಭೂಗತ ದೊರೆ, ಅವನಿಗೊಬ್ಬ ಬಲಗೈ ಬಂಟ. ಬಂಟನ ದನಿ ನಮ್ಮ ಚಿಕ್ಕಪ್ಪನದು. ಚಿಕ್ಕಪ್ಪ ಎಡಚ ಎನ್ನುವುದು ಬೇರೆ ಮಾತು. ಗುಂಡು ತಿಂದು ಸಾಯುವವರೆಲ್ಲ ನಾನು. ಒಂದೇ ಕಂತಿನಲ್ಲಿ ಅಡುಗೆಯವನಾಗಿ, ಡ್ರೈವರಾಗಿ, ಡಾಕ್ಟರಾಗಿ ಸತ್ತಿದ್ದೇನೆ, ಒಂದೊಂದಕ್ಕೂ ಬೇರೆ ಬೇರೆ 'ಅಯ್ಯೋ'. ಹಾಗೆ ಸಾಯುವುದನ್ನು ಕಲಿಸಿದವರೂ ಚಿಕ್ಕಪ್ಪನೇ.

ವರ್ಷಗಟ್ಟಲೆ ಧಣಿಗಾಗಿ ಪ್ರಾಣ ಕೊಡುತ್ತೇನೆಂದು ಗುಡುಗಿದ ಚಿಕ್ಕಪ್ಪನ ಕೈಗೆ ಆವತ್ತು ಬಂದ ಹಾಳೆಯಲ್ಲಿ, ಬಂಟ ಪೊಲೀಸರ ಮುಂದೆ ನಿಂತು ಧಣಿ ಅಡಗಿರುವ ಜಾಗ ತೋರಿಸುತ್ತೇನೆ ಅನ್ನುತ್ತಿದ್ದ. ಚಿಕ್ಕಪ್ಪ ಹೆಡ್‌ಫೋನ್ ಕಳಚಿ ಸ್ಟ್ಯಾಂಡಿಗೆ ನೇತುಹಾಕಿದರು.

"ಈ ಮಾತು ನನ್ನ ಬಾಯಲ್ಲಿ ಬರಲ್ಲ ಸರ್. ಅವನ ಉಪ್ಪು ತಿಂದಿದ್ದೀನಿ."

"ಉಪ್ಪು ತಿಂದೋನು ಪರದೆ ಮೇಲಿದ್ದಾನೆ. ನೀವು ತಿಂದಿದ್ದು ಕ್ಯಾಂಟೀನ್ ಬನ್ನು," ಎಂದರು ನಿರ್ದೇಶಕರು.

ಹೆಜ್ಜೆ ಸದ್ದು ಮೈಕಿಗೆ ಬೀಳಬಾರದೆಂದು ನಾವು ಒಳಗೆ ಬರಿಗಾಲಲ್ಲೇ ನಿಲ್ಲುವುದು. ಚಿಕ್ಕಪ್ಪ ಕಾರಿಡಾರಿನ ಬೆಂಚಿಗೆ ಹೋಗಿ ಬೂಟು ಹಾಕಿಕೊಳ್ಳತೊಡಗಿದರು. ಸಿಟ್ಟಿನ ಕೈಗೆ ಸಿಕ್ಕ ಲೇಸು ಗಂಟಾಯಿತು. ಅವರು ಅದನ್ನೂ ದ್ರೋಹಿ ಎಂದು ಬೈದರು. ಬೂಟು ಹಾಕಿ ಹೊರಬಾಗಿಲು ದಾಟಿದರೆಂದರೆ ಅವರಿಗೆ ಬಂಟನೂ ಇಲ್ಲ, ಈ ಸ್ಟುಡಿಯೋವೂ ಇಲ್ಲ. ಅವರೋ, ತಾವಾಗಿ ವಾಪಸು ಬರುವ ಜಾತಿಯಲ್ಲ.

ನಿರ್ದೇಶಕರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮ ಚಿಕ್ಕಪ್ಪನ ಥರ ಮಾತಾಡೋಕೆ ನಿನಗೆ ಬರುತ್ತಲ್ಲ, ನೀನೇ ಹೇಳಿಬಿಡು. ದನಿ ತಾನೇ. ಇನ್ಮೇಲೆ ಪಾತ್ರ ನಿಂದೇ."

ದನಿ ತಾನೇ! ನನ್ನ ಮೈಯೆಲ್ಲ ಉರಿದುಹೋಯಿತು. ಇಡೀ ಧಾರಾವಾಹಿ ನಿಯತ್ತಿನ ಮೇಲೆ ನಿಂತಿದೆ, ಅದನ್ನು ಮಾಡುವವರಿಗೆ ಮನುಷ್ಯನೊಬ್ಬ ಬೂಟು ಹಾಕಿಕೊಳ್ಳುವಷ್ಟು ಹೊತ್ತು ಕಾಯುವ ನಿಯತ್ತಿಲ್ಲ. ಆದರೂ ನಾನು ತಲೆಯಾಡಿಸಿದೆ. ಸೌಂಡ್ ಇಂಜಿನಿಯರ್ ಅಕ್ಕನ ಕಿವಿಯಲ್ಲಿ ಒಂದು ಮಾತು ಉಸುರಿ ಮೈಕಿನ ಮುಂದೆ ನಿಂತೆ.

ಚಿಕ್ಕಪ್ಪನಿಗೆ ತಮಗೇ ತಿಳಿಯದ ಒಂದು ಅಭ್ಯಾಸವಿದೆ. ಪ್ರತಿ ಸಾಲಿಗೆ ಮೊದಲು ಮೂಗನ್ನು ಸೊರ್ರೆಂದು ಸೇದುತ್ತಾರೆ. ಅಕ್ಕ ಅದನ್ನು ಪ್ರತಿ ಸಲ ಕತ್ತರಿಸಿ ಎಸೆಯುತ್ತಾಳೆ. ನಾನು ಆ ಸೊರ್ರನ್ನು ಎರಡು ಮಾತಿಗೊಮ್ಮೆ ಹಾಕಿ, ಜಾಗ ತೋರಿಸುವ ಸಾಲನ್ನು ಗೋಳಾಡಿದೆ. ಅಕ್ಕ ಕಾರಿಡಾರಿನ ಬಾಗಿಲು ತೆರೆದಿಟ್ಟು ಸ್ಪೀಕರಿನಲ್ಲಿ ಜೋರಾಗಿ ಹಾಕಿದಳು. ನಿರ್ದೇಶಕರು ಗಡಿಯಾರ ನೋಡಿಕೊಂಡು, ಸಾಕು, ಜನಕ್ಕೇನು ಗೊತ್ತಾಗುತ್ತೆ, ಹೋಗಲಿ ಬಿಡಿ ಎಂದರು.

ಚಿಕ್ಕಪ್ಪ ಒಂದೇ ಬೂಟಿನಲ್ಲಿ ಒಳನುಗ್ಗಿದರು.

"ಯಾವುದೋ ಅದು, ನೆಗಡಿ ಬಂದ ಎಮ್ಮೆ?"

"ನೀವೇ ಚಿಕ್ಕಪ್ಪ. ಕಂತಿನ ಕೊನೇಲಿ ಹೆಸರೂ ನಿಮ್ಮದೇ ಬರುತ್ತೆ."

"ಬೆನ್ನಿಗೆ ಇರಿದ್ರೂ ಮರ್ಯಾದೆಯಿಂದ ಇರಿಬೇಕು ಕಣೋ. ಬಂಟ ಎದೆಯೊಡೆದು ಹೇಳ್ತಿದ್ದಾನೆ, ನೀನು ಮೂಗೊಡೆದು ಹೇಳ್ತೀಯಾ? ಸರಿ ಆಚೆ."

ಇದ್ದ ಒಂದು ಬೂಟನ್ನೂ ಕಳಚಿ ಎಸೆದು ನಿಂತರು. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ನಿರ್ದೇಶಕರ ಮೇಲಿನ, ನನ್ನ ಮೇಲಿನ, ಆ ಲೇಸಿನ ಮೇಲಿನ ರೋಷವನ್ನೆಲ್ಲ ಸೇರಿಸಿ, "ಧಣಿ ಎಲ್ಲಿದ್ದಾರೆ, ನಾನು ತೋರಿಸ್ತೀನಿ," ಎಂದರು. ಅದು ದ್ರೋಹದ ಹಾಗಿರಲಿಲ್ಲ. ತನ್ನ ಕೈಯನ್ನು ತಾನೇ ಕಡಿದುಕೊಳ್ಳುವವನ ಮಾತಾಗಿತ್ತು. ನಿರ್ದೇಶಕರು ಗಡಿಯಾರ ಮರೆತರು.

ಆಮೇಲೆ ನಿಜ ಹೇಳಿದೆ: ಬೇಕೆಂದೇ ನಿಮ್ಮ ಸೊರ್ರನ್ನು ಸೇರಿಸಿ ಕೆಡಿಸಿದ್ದೆ, ನಿಮ್ಮನ್ನು ಒಳಗೆ ಕರೆಸಲಿಕ್ಕೆ. ಚಿಕ್ಕಪ್ಪನ ಕಿವಿ ಕೆಂಪಾಯಿತು.

"ಕರೆಸೋಕೆ ನನ್ನ ಮೇಲೆ ಸುಳ್ಳು ಹೊರಿಸ್ತೀಯಾ? ಯಾವತ್ತಾದ್ರೂ ಮೂಗು ಸೇದಿದ್ದೀನಾ ನಾನು?"

ಅಕ್ಕ ಅವರ ಆ ಸಾಲನ್ನು ಕತ್ತರಿಸುವ ಮೊದಲು ಇದ್ದ ಹಾಗೇ ಹಾಕಿದಳು. 'ಧಣಿ' ಅನ್ನುವುದಕ್ಕಿಂತ ಮುಂಚೆ, ಕೋಣೆ ತುಂಬ, ಸೊರ್ರ್.

ನಾವೆಲ್ಲ ನೆಲ ನೋಡಿದೆವು. ಚಿಕ್ಕಪ್ಪ ಇನ್ನೊಮ್ಮೆ ಹಾಕೆಂದರು. ಹಾಕಿದಳು. ಅವರ ಹೆಗಲು ಕುಣಿಯತೊಡಗಿತು.

"ಐದು ವರ್ಷ... ಧಣಿ ಈ ಮೂಗನ್ನ ನಂಬಿಕೊಂಡಿದ್ನಾ?"

ನಗುವುದಕ್ಕೆ ಮುಂಚೆಯೂ ಒಂದು ಸೊರ್ರೆಂದಿತು. ಆಮೇಲೆ ನಮ್ಮೆಲ್ಲರ ನಗು ಅವರ ನಗುವಿನೊಳಗೆ ಮುಳುಗಿ, ಅಕ್ಕನ ಸದ್ದು ಅಳೆಯುವ ಮೀಟರಿನ ಮುಳ್ಳು ಕೆಂಪಿನಲ್ಲೇ ನಿಂತುಬಿಟ್ಟಿತು.