ಗದ್ದೆಪ್ಪನ ಕಣ್ಣು ತೆರೆಸುವುದು

ಆ ಚಕ್ರ ಮತ್ತೆ ತಿರುಗತೊಡಗಿತು, ನೀಲಿ ಚಕ್ರ, ಸರಿಯಾಗಿ ಪರದೆಯೊಳಗಿನ ಅಪ್ಪನ ಮೂಗಿನ ಮೇಲೇ ಕೂತು ತಿರುಗುತ್ತಿದೆ, ಪ್ರಿಯದರ್ಶಿನಿ ಮೌಸ್ ಬಿಟ್ಟು ವೇಲಿನ ತುದಿಯಿಂದ ಕುತ್ತಿಗೆ ಒರೆಸಿಕೊಂಡಳು, ಹನ್ನೊಂದು ಗಂಟೆಗೇ ಈ ಧಗೆ, ರಾಯಚೂರಿನ ಬಿಸಿಲಿಗೆ ಹೊತ್ತುಗೊತ್ತು ಎಂಬುದೇ ಇಲ್ಲ, ಸ್ಟುಡಿಯೋದ ಏಸಿ ಏನಿದ್ದರೂ ಗಿರಾಕಿಗಳು ಕೂರುವ ಮುಂದಿನ ಕೋಣೆಗೆ, ಹಿಂದೆ ಕೂತು ಕಂಪ್ಯೂಟರ್ ಎದುರು ಕಣ್ಣು ಕೆಡಿಸಿಕೊಳ್ಳುವವರಿಗೆ ಒಂದು ಗೋಡೆ ಫ್ಯಾನು, ಅದೂ ಬಿಸಿಗಾಳಿಯನ್ನೇ ತಂದು ಮುಖಕ್ಕೆ ಬಡಿಯುತ್ತದೆ — ಸ್ವಲ್ಪ ತಾಳಿ, ಅದ್ಭುತವೊಂದು ಸಿದ್ಧವಾಗುತ್ತಿದೆ, ಎಂದು ಪರದೆಯ ಮೇಲೆ ಅಕ್ಷರ ಮೂಡಿತು, ಕನ್ನಡದಲ್ಲೇ, ಮೂರು ದಿನದಿಂದ ಇದೊಂದು ಹೊಸ ಉಪಚಾರ, ಅದ್ಭುತ ಯಾರಿಗೆ ಬೇಕಾಗಿತ್ತು, ಅವಳು ಕೇಳಿದ್ದು ಎರಡು ಕಣ್ಣು. ಸ್ಟುಡಿಯೋದ ಮಾಲೀಕ ನಯೀಮ್ ಭಾಯಿ ಸೋಮವಾರ ಈ ಹೊಸ ಸಾಫ್ಟ್‌ವೇರ್ ಹಾಕಿಸಿದ್ದೇ ಹಾಕಿಸಿದ್ದು, ಅವನ ಕಾಲು ನೆಲದ ಮೇಲಿಲ್ಲ, ಇನ್ನ ನಿಮಗ ಕೆಲಸಾನೇ ಇಲ್ಲ ನೋಡ್ರಿ ಮೇಡಂ, ಎಲ್ಲಾ ಎಐ ಮಾಡ್ತದ, ಬಟನ್ ಒತ್ರಿ, ಚಾ ಕುಡೀರಿ, ಒತ್ತಿದಳು, ಚಹಾ ಆರಿ ಕೆನೆಗಟ್ಟಿತು, ಫೋಟೊದ ಮೇಲಿನ ಕಾಳುಕಾಳು ಚುಕ್ಕೆ ಹೋಗಲೆಂದು ಗದ್ದಲ ತೆಗೆ ಎಂಬ ಬಟನ್ ಒತ್ತಿದರೆ ಕಲ್ಲೂರಿನ ಮದುವೆಯಲ್ಲಿ ತಾಳಿ ಕಟ್ಟಿಸುತ್ತಿದ್ದ ಸ್ವಾಮಿಗಳನ್ನೇ ಗದ್ದಲವೆಂದು ತೆಗೆದುಹಾಕಿತು, ಚರ್ಮ ನಯಗೊಳಿಸು ಎಂದರೆ ಮುದುಕಿಯೊಬ್ಬಳ ಗಲ್ಲದ ಹಚ್ಚೆಯನ್ನು ಕಲೆಯೆಂದು ತಿಳಿದು ಅಳಿಸಿತು, ಎಪ್ಪತ್ತು ವರ್ಷ ಬಾಳಿದ ಹಚ್ಚೆ, ಅದನ್ನೆಲ್ಲ ತಿರುಗಿ ಸರಿಮಾಡುತ್ತ ಕೂತವಳು ಇವಳೇ, ಇದ್ದ ಕೆಲಸ ಮೂರು ಪಟ್ಟಾಯಿತು, ಆದರೂ ನಿನ್ನೆ ಆ ಬಟನ್‌ಗಳ ಪಟ್ಟಿಯಲ್ಲಿ ಮುಚ್ಚಿದ ಕಣ್ಣು ತೆರೆಸು ಎಂಬ ಸಾಲು ಕಂಡಾಗ ಅದನ್ನೇ ಎರಡೆರಡು ಸಲ ಓದಿದ್ದಳು, ಅದು ಸುಳ್ಳಲ್ಲ.

ಏಕೆಂದರೆ ಅಪ್ಪನದು, ಗದ್ದೆಪ್ಪನದು, ಇರುವುದೇ ಈ ಒಂದು ಫೋಟೊ, ಇದರಲ್ಲಿ ಅವನ ಕಣ್ಣು ಮುಚ್ಚಿವೆ. ಬಾಗಲವಾಡದಲ್ಲಿ ಶಾಲೆಯ ಕಟ್ಟಡಕ್ಕೆ ಸ್ಲ್ಯಾಬ್ ಹಾಕಿದ ದಿನ ಹನ್ನೆರಡು ಜನ ಗೌಂಡಿಗಳನ್ನು ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ ಗುತ್ತಿಗೆದಾರ ತೆಗೆಸಿದ್ದು, ಎಡದಿಂದ ನಾಲ್ಕನೆಯವನು, ಹೆಗಲ ಮೇಲೆ ಟವೆಲು, ಸಿಮೆಂಟು ಮೆತ್ತಿದ ಮೀಸೆ, ಗಾರೆ ಕಟ್ಟಿದ ಕೈ, ಕ್ಯಾಮೆರಾ ಕ್ಲಿಕ್ಕೆನ್ನುವಾಗಲೇ ರೆಪ್ಪೆ ಬಡಿದ, ಹನ್ನೊಂದು ಜನ ಕಣ್ಣು ಬಿಟ್ಟುಕೊಂಡು ನಿಂತಿದ್ದಾರೆ, ಇವನೊಬ್ಬ, ಒಂದೇ ಒಂದು ಗಳಿಗೆ ತಡೆಯಲಾಗಲಿಲ್ಲವೇ ಅಪ್ಪಾ — ಆರು ತಿಂಗಳಿಗೆಲ್ಲ ಜ್ವರ ಬಂದು ಹೋಗಿಯೇಬಿಟ್ಟ, ಪಡಿತರ ಚೀಟಿಯ ಫೋಟೊದಲ್ಲಿ ಮುಖ ಜೋಳದ ಕಾಳಿನಷ್ಟು, ಓಟಿನ ಕಾರ್ಡು ಟ್ರಂಕಿನಲ್ಲಿ ಗೆದ್ದಲಿನ ಪಾಲಾಯಿತು, ಹದಿನೈದು ವರ್ಷದಿಂದ ದೇವದುರ್ಗದ ಮನೆಯ ಗೋಡೆಯ ಮೇಲೆ ಅಪ್ಪ ನಿದ್ದೆ ಹೋದವನಂತೆ ಇದ್ದಾನೆ, ಯಾರಿಗೂ ಏನೂ ಅನ್ನಿಸಿರಲಿಲ್ಲ, ಈಗ ಶುಕ್ರವಾರ ಮಾನ್ವಿಯಲ್ಲಿ ತಂಗಿ ಮಲ್ಲಿಕಾಳ ಮದುವೆ, ಮಂಟಪದ ಬಾಗಿಲಿಗೆ ದೊಡ್ಡ ಫ್ಲೆಕ್ಸ್, ಅದರ ಮೇಲೆ ಹೂವಿನ ಚೌಕಟ್ಟಿನಲ್ಲಿ ಗದ್ದೆಪ್ಪ, ಕೆಳಗೆ ಇವರ ಆಶೀರ್ವಾದಗಳೊಂದಿಗೆ, ಅಪ್ಪನ ತಮ್ಮ ಹಂಪಯ್ಯ ಕಾಕಾ ನಿನ್ನೆ ಫೋನಿನಲ್ಲಿ ಕೂಗಾಡಿದ, ಕಣ್ಣ ಮುಚ್ಚಿದ್ದು ಹಾಕಬ್ಯಾಡ ಬೇ, ಬೀಗರು ಏನಂದಾರು, ಮದುವಿ ಬಾಗಲಾಗ ಹೆಣ ನಿಲ್ಲಿಸ್ಯಾರ ಅಂತಾರ, ಅಷ್ಟ್ ದೊಡ್ಡ ಸ್ಟುಡಿಯೋದಾಗ ಇದ್ದೀ, ಎರಡ ಕಣ್ಣ ತೆರಸಾಕ ಆಗಂಗಿಲ್ಲೇನು, ಕಾಕಾನ ಮಾತು ಹಾಳಾಗಿ ಹೋಗಲಿ, ಮಲ್ಲಿಕಾ ಅದೇ ಫೋನು ಇಸಿದುಕೊಂಡು ಮೆಲ್ಲಗೆ ಕೇಳಿದ್ದು ಬೇರೆ, ಅಕ್ಕಾ, ನಂಗ ಅಪ್ಪನ ಮುಖ ನೆಪ್ಪಿಲ್ಲ, ಆ ಫೋಟೊ ಅಷ್ಟ ನೆಪ್ಪು, ಒಮ್ಮಿ ಕಣ್ಣ ತೆರದಿದ್ದು ತೋರ್ಸು ಅಕ್ಕಾ, ಅಪ್ಪ ಸತ್ತಾಗ ಅವಳಿಗೆ ಐದು, ಇವಳಿಗೆ ಹದಿನಾಲ್ಕು, ಅಂದರೆ ಇಂದು ಇವಳು ಯಾವ ಕಣ್ಣು ಇಟ್ಟು ಕಳಿಸುತ್ತಾಳೋ ಮಲ್ಲಿಕಾಳಿಗೆ ಬದುಕಿರುವ ತನಕ ಅವೇ ಅಪ್ಪನ ಕಣ್ಣು, ಇಂಥ ಕೆಲಸಕ್ಕೆ ಬಟನ್ ಒತ್ತಿ ಚಹಾ ಕುಡಿಯುವುದು ಹೇಗೆ.

ಚಕ್ರ ನಿಂತಿತು. ಮೂರು ಅಪ್ಪಂದಿರು ಸಾಲಾಗಿ ಬಂದರು, ಪ್ರತಿ ಸಲವೂ ಮೂರು, ಆರಿಸಿಕೋ ಎಂದು ಸಂತೆಯಲ್ಲಿ ಸೌತೆಕಾಯಿ ಸುರಿದ ಹಾಗೆ ಸುರಿಯುತ್ತದೆ, ಮೊದಲನೆಯವನು ಸಿನಿಮಾದವನು, ಕಣ್ಣಿಗೆ ಕಾಡಿಗೆ ಬೇರೆ, ಎರಡನೆಯವನು ಸಾಲ ಕೊಡಲು ಒಲ್ಲೆನೆನ್ನುವ ಬ್ಯಾಂಕಿನ ಮ್ಯಾನೇಜರು, ಮೂರನೆಯವನಿಗೆ ಎರಡು ಗಾಜಿನ ಗೋಲಿ, ಫಲಿತಾಂಶ ಇಷ್ಟವಾಯಿತೇ, ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ, ಕೆಳಗೆ, ಕೆಳಗೆ, ನಿನ್ನ ಹೆಬ್ಬೆರಳು ಸುಡಲಿ, ವಿವರ ಬರೆಯಿರಿ ಎಂದಿತು, ಬರೆದಳು, ಗೌಂಡಿ ಕೆಲಸ ಮಾಡುವ ನಲವತ್ತು ವರ್ಷದ ಗಂಡಸು, ಅಷ್ಟು ಬರೆದದ್ದೇ ತಪ್ಪಾಯಿತು, ಮೂವರೂ ಅಳುತ್ತ ಬಂದರು, ಮೂರು ಜೊತೆ ಕಣ್ಣಿನಲ್ಲೂ ನೀರು ತುಂಬಿ ತುಳುಕುತ್ತಿದೆ, ಚಂದಾ ಎತ್ತುವ ಸಂಸ್ಥೆಯವರ ಗೋಡೆಪತ್ರದಲ್ಲಿ ಇರುತ್ತಾರಲ್ಲ ಅಂಥವರು, ಗೌಂಡಿ ಎಂದರೆ ಅಳುವವನು ಎಂದು ಇದಕ್ಕೆ ಕಲಿಸಿಕೊಟ್ಟ ಪುಣ್ಯಾತ್ಮ ಯಾರು, ಅಪ್ಪ ಅತ್ತದ್ದನ್ನು ಇವಳು ಕಂಡಿಲ್ಲ, ಬೈದದ್ದು ಕಂಡಿದ್ದಾಳೆ, ನಕ್ಕದ್ದು ಕಂಡಿದ್ದಾಳೆ, ಮತ್ತೆ ಆ ನೋಟ — ಅಪ್ಪ ಎರಡು ಕಣ್ಣಿನಿಂದ ಯಾವುದನ್ನಾದರೂ ನೋಡಿದ್ದುಂಟೇ, ಎಡಗಣ್ಣು ಮುಚ್ಚಿ, ಬಲಗಣ್ಣು ಕಿರಿದು ಮಾಡಿ, ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುತ್ತಾರಲ್ಲ, ಲೋಕವನ್ನೆಲ್ಲ ಹಾಗೆಯೇ ನೋಡುತ್ತಿದ್ದ, ಬಾಗಿಲು, ಬಸ್ಸು, ಎಮ್ಮೆ, ತಟ್ಟೆಯಲ್ಲಿ ಬಿದ್ದ ರೊಟ್ಟಿ, ಶಾಲೆಗೆ ಹೊರಟ ಇವಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ಎಡಗಣ್ಣು ಮುಚ್ಚುತ್ತಾನೆ, ನೆಟ್ಟಗ ನಿಂದರು ಬೇ, ಬಲಕ್ಕ ವಾಲಾಕತ್ತೀ, ಇವಳು ಪಾಟೀಚೀಲವನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಿಸುತ್ತಾಳೆ, ಹಾಂ ಈಗ ಸರಿ ಅದ, ಹೋಗು, ಅದೇ ನೋಟ ಬೇಕು ಎಂದು ಒಂದು ಕಣ್ಣು ಮುಚ್ಚಿರಲಿ ಎಂದು ಬರೆದರೆ ಬಂದವರು ಮೂವರೂ ಪೋಲಿಗಳು, ತುಟಿಯ ಅಂಚಿನಲ್ಲಿ ನಗು ಬೇರೆ, ಮದುವೆಯ ಬಾಗಿಲಲ್ಲಿ ನಿಂತು ಬರುವ ಬೀಗಿತಿಯರಿಗೆಲ್ಲ ಕಣ್ಣು ಹೊಡೆಯುವ ಗದ್ದೆಪ್ಪ, ಇದನ್ನು ಹಾಕಿದರೆ ಮದುವೆ ಅಲ್ಲೇ ಮುರಿದುಬೀಳುತ್ತದೆ, ಅವಳಿಗೆ ನಗು ಬಂತು, ನಕ್ಕದ್ದಕ್ಕೆ ಸಿಟ್ಟೂ ಬಂತು, ಕೆಳಗೆ ಎಂದು ಹೆಬ್ಬೆರಳು ಒತ್ತಿದಳು.

ಇನ್ನೂ ಉತ್ತಮ ಫಲಿತಾಂಶಕ್ಕಾಗಿ ಇದೇ ವ್ಯಕ್ತಿಯ ಕಣ್ಣು ತೆರೆದಿರುವ ಇನ್ನೊಂದು ಫೋಟೊ ಕೊಡಿ, ಎಂದು ಪರದೆ ಸಲಹೆ ಮಾಡಿತು. ಇದ್ದಿದ್ದರೆ, ಅದೊಂದು ಇದ್ದಿದ್ದರೆ ನಿನ್ನ ಮುಂದೆ ಈ ಉರಿಯಲ್ಲಿ ಯಾರು ಕೂರುತ್ತಿದ್ದರು, ಜೋರಾಗಿಯೇ ಅಂದಳೇನೋ, ನಯೀಮ್ ಭಾಯಿ ಬಾಗಿಲ ಕರ್ಟನ್ ಸರಿಸಿ ಇಣುಕಿದ, ಅರೇ, ಮನಿಯವರ್ದು ಹಾಕ್ರಲಾ ಮೇಡಂ, ಅಣ್ತಮ್ಮ, ಮಕ್ಕಳು, ಖೂನ್ ಒಂದೇ ಅದ ಅಲಾ, ಮಸ್ತ್ ಬರ್ತದ ನೋಡ್ರಿ, ಅದೂ ಆಗಿಹೋಗಲಿ ಎಂದು ಹಂಪಯ್ಯ ಕಾಕಾನ ಫೋಟೊ ಕೊಟ್ಟಳು, ಅಪ್ಪನ ಮುಖದೊಳಗೆ ಕಾಕಾ ಬಂದು ಕೂತ, ಬೇರೆಯವರ ಮನೆಯಲ್ಲಿ ಏನು ಅಡುಗೆ ಎಂದು ಹಣಕಿ ನೋಡುವ ಅದೇ ಕಣ್ಣು, ಬೇಡವೇ ಬೇಡ, ತನ್ನದನ್ನೇ ಕೊಟ್ಟಳು, ಹೋದ ವರ್ಷ ಆಧಾರಿಗೆ ತೆಗೆಸಿದ್ದು, ಮೀಸೆ ಹಚ್ಚಿಕೊಂಡು ನಾಟಕಕ್ಕೆ ನಿಂತ ಪ್ರಿಯದರ್ಶಿನಿ ಬಂದಳು, ಅಷ್ಟೇ, ತಾಳಲಾರದೆ ಅವ್ವನಿಗೆ ಫೋನು ಹಚ್ಚಿದಳು, ಯವ್ವಾ, ಅಪ್ಪನ ಕಣ್ಣು ಹ್ಯಾಂಗಿದ್ವು ಹೇಳು ಲಗೂನ, ಅತ್ತ ದೇವದುರ್ಗದಲ್ಲಿ ಯಮನಮ್ಮ ಮದುವೆಯ ಹಪ್ಪಳ ಕಟ್ಟುತ್ತ ಕೂತವಳು, ಹ್ಯಾಂಗಿದ್ವು ಅಂದ್ರ ಏನ್ ಹೇಳ್ಲಿ ಬೇ, ಎಲ್ಲಾರ ಕಣ್ಣಿನಂಗ ಇದ್ವು, ಕರಿ ಇದ್ವೋ ಕಂದು ಇದ್ವೋ ಯವ್ವಾ, ನಾ ಏನ್ ನಿಮ್ಮಪ್ಪನ ಮುಖ ನೋಡ್ಕೋತ ಕುಂದ್ರತಿದ್ನೇನು, ನಸುಕಿನ್ಯಾಗ ಹೋಗಾಂವ, ಕತ್ತಲಾದ ಮ್ಯಾಲ ಬರಾಂವ, ಎದುರು ನಿಂತ್ರ ನಾ ನೆಲ ನೋಡ್ತಿದ್ದೆ, ಹಪ್ಪಳದ ಪ್ಲಾಸ್ಟಿಕ್ಕಿನ ಸಪ್ಪಳ ನಿಂತಿತು, ಸಿಮೆಂಟ್ ಬಿದ್ದು ಕೆಂಪಗ ಇರ್ತಿದ್ವು ಅನಸ್ತದ, ನಾ ನೋಡಿಲ್ಲ ಬೇ, ನೀ ನೋಡೀಯಲ್ಲ, ನಿನಗ ಗೊತ್ತಿರಬೇಕು. ಫೋನು ಇಟ್ಟು ಇವಳು ಬೆರಳು ಮಡಚಿ ಎಣಿಸಿದಳು, ಕಾಕಾನಿಗೆ ಹೇಗೂ ಬೇಕಾಗಿಲ್ಲ, ಮಲ್ಲಿಕಾಳಿಗೆ ನೆನಪಿಲ್ಲ, ಅವ್ವ ನೋಡಿಲ್ಲ, ಹಾಗಾದರೆ ಈ ಭೂಮಿಯ ಮೇಲೆ ಅಪ್ಪನ ಕಣ್ಣು ಇರುವುದು ಇವಳೊಬ್ಬಳ ತಲೆಯಲ್ಲಿ.

ಗೊತ್ತಿದೆ, ನನಗೆ ಗೊತ್ತಿದೆ, ಬೆಳಿಗ್ಗೆ ಹತ್ತಕ್ಕೆ ಕೂತಾಗ ಎಷ್ಟು ನಿಚ್ಚಳವಾಗಿ ಗೊತ್ತಿತ್ತು, ತಪ್ಪು ಬಂದಾಗಲೆಲ್ಲ ತಪ್ಪು ಎನ್ನಲು ಅರೆಗಳಿಗೆ ಬೇಕಾಗಿರಲಿಲ್ಲ, ಈಗ ಹನ್ನೆರಡೂವರೆ, ಎಷ್ಟು ಜೊತೆ ಕಣ್ಣು ನೋಡಿದಳೋ ಲೆಕ್ಕ ತಪ್ಪಿದೆ, ಕೆಂಪು ಎಂದಳಲ್ಲ ಅವ್ವ, ಕೆಂಪು ಸೇರಿಸಿ ಬರೆದಳು, ಕಿರಿದಾದ ಕಣ್ಣು, ಅಳುವುದಿಲ್ಲ, ನಗುವುದಿಲ್ಲ, ಬಿಸಿಲಿನಲ್ಲಿ ಕೆಲಸ ಮಾಡಿದವನು, ಚಕ್ರ ತಿರುಗಿತು, ಮೂವರು ಬಂದರು, ಒಂದನೆಯವನು ಕುಡುಕ, ಎರಡನೆಯವನಿಗೆ ಕಣ್ಣುಬೇನೆ, ಮೂರನೆಯವನು — ಮೂರನೆಯವನ ಮುಂದೆ ಕೈ ತಡೆಯಿತು, ಹುಬ್ಬಿನ ಕೆಳಗೆ ಸ್ವಲ್ಪ ಒಳಸರಿದ ಕಣ್ಣು, ಅಂಚಿನಲ್ಲಿ ಎಳೆಗೆಂಪು, ಒಂದಿಷ್ಟು ತೇವ, ನೋಡುವವರನ್ನು ಬಿಡದೆ ನೋಡುತ್ತವೆ, ಏನೋ ಹೇಳಲು ಬಾಯಿ ತೆರೆಯುವ ಮುಂಚೆ ನೋಡುತ್ತಾರಲ್ಲ ಹಾಗೆ, ಅಪ್ಪ ಅಲ್ಲ, ಅಲ್ಲವೇ ಅಲ್ಲ, ಅಪ್ಪನ ನೋಟದಲ್ಲಿ ಇಷ್ಟು ಮೆತ್ತಗಿನದು ಏನೂ ಇರಲಿಲ್ಲ, ಇರಲಿಲ್ಲವೇ, ಜ್ವರ ಬಂದು ಮಲಗಿದಾಗ, ಕೊನೆಯ ಎರಡು ದಿನ, ಹಣೆಗೆ ಒದ್ದೆ ಬಟ್ಟೆ ಹಾಕಿದಾಗ ಒಮ್ಮೆ ನೋಡಿದ್ದನಲ್ಲ, ಆಗ ಹೀಗೇ — ಇಲ್ಲ, ಆಗ ಕಣ್ಣು ಮುಚ್ಚಿಕೊಂಡೇ ಇದ್ದ, ಅಲ್ಲ, ತೆರೆದಿದ್ದ, ಹೆಬ್ಬೆರಳು ಕೆಳಗೆ ಒತ್ತಿದಳು, ಹೊಸ ಮೂರು ಬಂದವು, ಕಸ, ಇನ್ನೂ ಮೂರು, ಕಸ, ಅವುಗಳ ನಡುವೆಯೂ ಆ ಮೂರನೆಯವನೇ ನೋಡುತ್ತಾನೆ, ಕಾಕಾನ ಫೋನು, ಏನ್ ಬೇ, ಮಾನ್ವಿ ಫ್ಲೆಕ್ಸಿನ್ಯಾವ ಒಂದ ಗಂಟಿಗಿ ಮಷಿನ್ ಬಂದ್ ಮಾಡ್ತಾನಂತ, ನಾಳೆ ಅಂವ ಇರಂಗಿಲ್ಲ, ಬರೋಬ್ಬರಿ ಇರ್ಲಿ ಬಿಡ್ಲಿ ಕಣ್ಣ ತೆರದಿದ್ರ ಸಾಕು, ಕಳಸು, ನಯೀಮ್ ಭಾಯಿ ಹಿಂದಿನಿಂದ ಬಗ್ಗಿ ಪರದೆಯ ಅಂಚಿನ ಹಳೆಯ ಸಾಲಿನಲ್ಲಿ ಆ ಮೂರನೆಯವನಿಗೇ ಬೆರಳು ತೋರಿಸಿ, ವಾಹ್, ಇದು ಮೂರನೇದು ಕಳಸ್ರಿ, ಜೀವಂತ ಅದ, ಮತ್ತೆ ಕಾಕಾ, ಒಂದಕ್ಕೆ ಐದು ನಿಮಿಷ, ಥೂ ಇವರೆಲ್ಲರ, ಹಿಂದಕ್ಕೆ ಹೋಗಿ ಆ ಮೂರನೆಯದನ್ನು ಹುಡುಕಿ ತೆಗೆದಳು, ಫ್ಲೆಕ್ಸಿನವನಿಗೊಂದು, ಮಲ್ಲಿಕಾಳಿಗೊಂದು, ತನ್ನ ಕೈಯಾರೆ ಒತ್ತಿದಳು, ಹೋಯಿತು.

ಎರಡು ನಿಮಿಷಕ್ಕೆ ವಾಟ್ಸಾಪಿನಲ್ಲಿ ಮಲ್ಲಿಕಾಳ ಧ್ವನಿ ಬಂತು, ಒಡೆದ ಧ್ವನಿ, ಅಳುತ್ತಿದ್ದಾಳೆ, ಅಕ್ಕಾ, ಅಪ್ಪ ನನ್ನೇ ನೋಡಾಕತ್ತಾನ ಅಕ್ಕಾ, ಹಿಂಗ ಇದ್ದನ ಅಪ್ಪ, ಹಿಂಗ ನೋಡ್ತಿದ್ನ, ಯಾಕ ನಂಗ ಯಾರೂ ಹೇಳ್ಲಿಲ್ಲ, ಇಷ್ಟ್ ಪ್ರೀತಿಲೆ ನೋಡ್ತಿದ್ದ ಅಂತ, ಪ್ರಿಯದರ್ಶಿನಿ ಮತ್ತೊಮ್ಮೆ ಕೇಳಿಸಿಕೊಂಡಳು, ಹೌದು ಬೇ ಹೀಗೇ ಇದ್ದ ಎಂದು ಬರೆದಳು, ಅಳಿಸಿದಳು, ಶುಕ್ರವಾರ ಕಳೆಯಲಿ, ಮದುವೆ ಮುಗಿಯಲಿ, ಕೂರಿಸಿಕೊಂಡು ಬಾಯಿಂದ ಹೇಳುತ್ತೇನೆ, ಅಲ್ಲ ಮಲ್ಲಿಕಾ, ಅದು ಮಷಿನ್ನು ಮಾಡಿದ್ದು, ಅಪ್ಪ ನೋಡುತ್ತಿದ್ದುದು ಹಾಗಲ್ಲ, ಹೊಸ್ತಿಲಲ್ಲಿ ನಿಲ್ಲಿಸಿ ಹೀಗೆ, ಎಡಗಣ್ಣು ಮುಚ್ಚಿ, ಬಲಗಣ್ಣು — ಬಲಗಣ್ಣು ಕಿರಿದು ಮಾಡಿ — ಆ ಬಲಗಣ್ಣಿನ ಅಂಚಿನಲ್ಲಿ ಎಳೆಗೆಂಪು, ಒಂದಿಷ್ಟು ತೇವ, ಇಲ್ಲ, ಇದು ಆ ಮಷಿನ್ನಿನದು, ಇನ್ನೊಮ್ಮೆ, ಹೊಸ್ತಿಲು, ಪಾಟೀಚೀಲ, ಟವೆಲು, ಮೀಸೆ, ಎಲ್ಲ ಇದೆ, ನೆಟ್ಟಗ ನಿಂದರು ಬೇ ಎಂದ ಧ್ವನಿಯೂ ಇದೆ, ತಲೆ ಎತ್ತಿ ಮುಖ ನೋಡಿದರೆ ಮೆತ್ತಗೆ ನೋಡುತ್ತಾನೆ, ಎರಡೂ ಕಣ್ಣು ತೆರೆದು, ಬಿಡದೆ, ಅವಳು ಗಡಬಡಿಸಿ ಅಸಲು ಫೋಟೊ ತೆರೆದಳು, ಮಷಿನ್ನು ಮುಟ್ಟದ್ದು, ಬಾಗಲವಾಡದ ಬಿಸಿಲು, ಹನ್ನೆರಡು ಜನ, ಎಡದಿಂದ ನಾಲ್ಕನೆಯವನು, ಹತ್ತಿರ, ಇನ್ನೂ ಹತ್ತಿರ ತಂದಳು, ಪರದೆ ತುಂಬ ಅಪ್ಪನ ಮುಖ, ಮುಚ್ಚಿದ ಎರಡು ರೆಪ್ಪೆ, ಸಿಮೆಂಟಿನ ಧೂಳು ಹಿಡಿದ ರೆಪ್ಪೆಗೂದಲು, ಆ ರೆಪ್ಪೆಗಳ ಕೆಳಗಿನಿಂದ, ಅವೇ, ಮೂರನೆಯವನವು, ತೇವದವು, ಅವಳನ್ನೇ ನೋಡುತ್ತಿವೆ