ಹತ್ತನೆಯ ವಾಷರ್

ಲಿಫ್ಟ್ ರಿಪೇರಿ ಮಾಡುವವನು ಇಸ್ಪೀಟು ಆಡಿದರೆ ಯಾರೂ ಏನೂ ಅನ್ನುವುದಿಲ್ಲ. ಐವತ್ತಮೂರನೇ ವಯಸ್ಸಿನಲ್ಲಿ ಹೆಗ್ಗಣ, ಕಾಡುಕೋಣ, ಮೂರು ಕಣ್ಣಿನ ಕಪ್ಪೆಗಳ ಚಿತ್ರವಿರುವ ಕಾರ್ಡುಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ರಜೆಯ ದಿನ ಟೂರ್ನಮೆಂಟಿಗೆ ಹೊರಟರೆ ಮಾತ್ರ ಜನ ತಿರುಗಿ ನೋಡುತ್ತಾರೆ. ಇವನು ಅದಕ್ಕೆಲ್ಲ ತಲೆ ಕೆಡಿಸಿಕೊಂಡವನಲ್ಲ. ಮಗಳಿಗೆ ಹನ್ನೆರಡು ವರ್ಷವಾಗಿದ್ದಾಗ ಅವಳನ್ನು ಆಟಕ್ಕೆ ಬಿಟ್ಟು ಮೆಟ್ಟಿಲ ಮೇಲೆ ಕಾಯುತ್ತ ಕೂತಿದ್ದವನನ್ನು, ಒಬ್ಬರು ಕಡಿಮೆ ಬಿದ್ದರು ಅಂತ ಒಂದು ದಿನ ಒಳಗೆ ಕರೆದಿದ್ದರು. ಹೋದವನು ಅಲ್ಲೇ ಉಳಿದ. ಮಗಳು ಬೆಳೆದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಆಡುವುದನ್ನು ಬಿಟ್ಟು ಆಟದ ನಿಯಮದ ಪುಸ್ತಕ ಓದತೊಡಗಿದಳು. ಅಪ್ಪ ಮಾತ್ರ ಬಿಡಲಿಲ್ಲ.

ಆಟ ಕೇಳಿದರೆ ಸುಲಭ. ಇಬ್ಬರು ಎದುರುಬದುರು ಕೂರುತ್ತಾರೆ, ತಲಾ ಇಪ್ಪತ್ತು ಪ್ರಾಣ. ಎದುರಿನವರ ಪ್ರಾಣವನ್ನು ಸೊನ್ನೆಗಿಳಿಸಿದವರು ಗೆದ್ದಂತೆ. ಕಾರ್ಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ: ಮೇಜಿನ ಮೇಲೆ ಇಳಿದು ನಿಂತು ಹೊಡೆದಾಡುವ ಜೀವಿಗಳು, ಮತ್ತು ಕೈಯಲ್ಲಿ ಬಚ್ಚಿಟ್ಟುಕೊಂಡು ಸಮಯ ನೋಡಿ ಎಸೆಯುವ ಮಂತ್ರಗಳು. ಬುದ್ಧಿವಂತರು ಎರಡನ್ನೂ ಹದವಾಗಿ ಬೆರೆಸಿಕೊಳ್ಳುತ್ತಾರೆ. ಇವನ ಕಟ್ಟಿನಲ್ಲಿ ನಲವತ್ತಕ್ಕೆ ಮೂವತ್ತಾರು ಜೀವಿಗಳೇ. ಆಟ ಅರ್ಧಕ್ಕೆ ಬರುವಷ್ಟರಲ್ಲಿ ಇವನ ಕಡೆ ಮೇಜಿನಲ್ಲಿ ಕೈಯಿಡಲು ಜಾಗವಿರುತ್ತಿರಲಿಲ್ಲ. ಅದನ್ನು ನೋಡಿ ಯಾರೋ ಈ ಕಟ್ಟಿಗೆ ದೊಡ್ಡಿ ಅಂತ ಹೆಸರಿಟ್ಟರು, ಇವನು ದೊಡ್ಡಿ ಯಜಮಾನನಾದ.

ನಾಲ್ಕು ಮಂತ್ರ ಜಾಸ್ತಿ ಹಾಕಿಕೊಳ್ಳಿ ಅಂತ ಹೇಳದವರಿಲ್ಲ. ಇವನ ಉತ್ತರ ಯಾವಾಗಲೂ ಒಂದೇ. ಮೂವತ್ತು ವರ್ಷ ಹಗ್ಗ, ಬ್ರೇಕು, ಬಾಗಿಲು ನೋಡಿಕೊಂಡು ಬಂದವನು ತಾನು, ಕಣ್ಣೆದುರಿಗೆ ನಿಂತಿದ್ದನ್ನು ಮಾತ್ರ ನಂಬುತ್ತೇನೆ ಅನ್ನುತ್ತಿದ್ದ. ಈ ನಂಬಿಕೆಯಿಂದ ಅವನು ಲಿಫ್ಟುಗಳಲ್ಲಿ ಒಳ್ಳೆಯ ಹೆಸರು ಗಳಿಸಿದ್ದ, ಟೂರ್ನಮೆಂಟುಗಳಲ್ಲಿ ಸೋತು ಸುಣ್ಣವಾಗಿದ್ದ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೊನೆಯ ನಾಲ್ವರಲ್ಲಿ ಒಬ್ಬನಾಗಿರಲಿಲ್ಲ. ಒಂದೇ ಒಂದು ಸಲ ಆಗಬೇಕು ಅನ್ನುವ ಆಸೆ ಮಾತ್ರ ಬಲವಾಗಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ದಿನ ಬೆಳಿಗ್ಗೆ ಮನೆಯಲ್ಲಿ ಅಪ್ಪನಿಗೂ ಮಗಳಿಗೂ ಜಗಳವಾಯಿತು. ಟೂರ್ನಮೆಂಟ್ ನಡೆಸುವ ಸ್ಟೇಷನರಿ ಅಂಗಡಿಯ ಯಜಮಾನ, ಎಲ್ಲರ ಬಾಯಲ್ಲಿ ಗಡ್ಡಪ್ಪ, ಮೊದಲ ಬಾರಿಗೆ ಟೂರ್ನಮೆಂಟಿನ ತೀರ್ಪಿನ ಕೆಲಸವನ್ನೆಲ್ಲ ಅವಳಿಗೆ ಒಪ್ಪಿಸಿದ್ದ. ಈ ದಿನ ಸರಿಯಾಗಿ ಕಳೆದರೆ ಮುಂದೆಯೂ ಅವಳೇ ಜಡ್ಜ್. ಹಾಗಿರುವಾಗ ಅಪ್ಪ ಆಟಕ್ಕೆ ಕೂತರೆ ಏನು ಚೆಂದ ಅನ್ನುವುದು ಅವಳ ಮಾತು. ಅಪ್ಪನ ಪರ ಹೇಳಿದರೆ ಮನೆಯವರ ಪಕ್ಷ ವಹಿಸಿದಳು ಅಂತಾರೆ, ವಿರುದ್ಧ ಹೇಳಿದರೆ ತೋರಿಕೆಗೆ ಹೇಳಿದಳು ಅಂತಾರೆ. ಅವನು ಹೆಸರು ಕೊಟ್ಟಾಗಿದೆ ಅಂದ. ಅಡುಗೆಮನೆಯಿಂದ ಹೆಂಡತಿ, ಈ ಮನೆಯಲ್ಲಿ ತೀರ್ಪು ಕೊಡೋಳು ನಾನೊಬ್ಬಳೇ, ಇಬ್ಬರೂ ತಿಂಡಿ ತಿಂದು ಹೊರಡಿ ಅಂದಳು.

ಕೊನೆಗೆ ಅವನೇ ಸೋತು ಒಂದು ಮಾತು ಕೊಟ್ಟ.

"ನಾನಿರೋ ಮೇಜಿಗೆ ನಿನ್ನ ಕರೆಯೋ ಪ್ರಸಂಗವೇ ಬರಲ್ಲ ಪುಟ್ಟಿ. ಏನೇ ಆದರೂ ಜಡ್ಜ್ ಅಂತ ಕೈ ಎತ್ತಲ್ಲ."

"ಕೈ ಎತ್ತದೆ ಇರೋದೂ ತಪ್ಪೇ ಅಪ್ಪ," ಅಂದು ಅವಳು ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು.

ಈ ಗಲಾಟೆಯಲ್ಲಿ ಅವನೊಂದು ಸಣ್ಣ ಕೆಲಸ ಮರೆತ. ದೊಡ್ಡಿಯ ಮುಖ್ಯ ಕಾರ್ಡು ಹೆಗ್ಗಣದ ತಾಯಿ. ಅದು ತಾನು ಕಚ್ಚುವುದಿಲ್ಲ, ಮೇಜಿಗಿಳಿದ ಮೇಲೆ ಇವನ ಪ್ರತಿ ಸರದಿಗೂ ಎರಡು ಮರಿ ಹಾಕುತ್ತದೆ. ಮರಿಗಳಿಗೆ ಬೇರೆ ಕಾರ್ಡಿಲ್ಲ, ಗುರುತಿಗೆ ಏನಾದರೂ ಇಟ್ಟುಕೊಳ್ಳಬೇಕು. ಉಳಿದವರು ಬಣ್ಣದ ಗಾಜಿನ ಗುಂಡು ಇಡುತ್ತಿದ್ದರು. ಇವನು ಒಂದು ಹಳೆಯ ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಕೆಲಸದ ವಾಷರ್‌ಗಳನ್ನು ತರುತ್ತಿದ್ದ. ತರುವ ಮುಂಚೆ ಹೆಂಡತಿ ಅವನ್ನು ಸೋಪಿನ ನೀರಲ್ಲಿ ತೊಳೆದುಕೊಡುತ್ತಿದ್ದಳು. ಆವತ್ತು ಡಬ್ಬಿ ಅರ್ಧ ಖಾಲಿಯಾಗಿತ್ತು, ಕೆಲಸದ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೊಳೆಸದೆ ಹಾಗೇ ತುಂಬಿಕೊಂಡು ಓಡಿದ.

ಆಟದ ಹಾಲ್ ಇದ್ದದ್ದು ಅಂಗಡಿಯ ಮೇಲಿನ ಮಹಡಿಯಲ್ಲಿ. ಎಂಟು ಮೇಜು, ಹದಿನಾರು ಕುರ್ಚಿ, ಗೋಡೆಗೆ ಒರಗಿಸಿದ ನೋಟ್‌ಬುಕ್ಕಿನ ಬಂಡಲುಗಳು. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಗಡ್ಡಪ್ಪ. ಮಗಳು ಕೊರಳಿಗೆ ಜಡ್ಜ್ ಎಂದು ಬರೆದ ಬಿಲ್ಲೆ ಹಾಕಿಕೊಂಡು ಮೇಜುಗಳ ನಡುವೆ ಓಡಾಡುತ್ತಿದ್ದಳು. ಅಪ್ಪನ ಮೇಜನ್ನು ದಾಟುವಾಗ ಮಾತ್ರ ಅವಳಿಗೆ ಕಿಟಕಿಯಾಚೆ ಏನೋ ಕಾಣುತ್ತಿತ್ತು.

ಎರಡನೇ ಸುತ್ತಿನಲ್ಲಿ ಇವನು ತಲೆಯೆತ್ತಿ ನೋಡಿದ. ಮೂರನೇ ಮೇಜಿನಲ್ಲಿ ಆಡುತ್ತಿದ್ದ ಕ್ಷೌರಿಕನಿಗೂ ಅವನ ಎದುರಾಳಿಗೂ ಏನೋ ತಕರಾರು ಬಂದಿತ್ತು. ಕ್ಷೌರಿಕ ಕೈ ಎತ್ತಿದ. ಮಗಳು ಹತ್ತಿರ ಹೋದಳು. ಅವನು ಅವಳ ತಲೆಯ ಮೇಲಿಂದ ಮೂಲೆಗೆ ನೋಡಿ, "ಗಡ್ಡಪ್ಪನೋರೇ, ಒಂದ್ನಿಮಿಷ ಬನ್ನಿ" ಅಂದ. ಗಡ್ಡಪ್ಪ ಅವಳ ಕಡೆ ಕೈ ತೋರಿಸಿದರೂ ಬಿಡಲಿಲ್ಲ. ಕಡೆಗೆ ಗಡ್ಡಪ್ಪ ಎದ್ದು ಬಂದು, ಮಗಳು ಹೇಳುತ್ತಿದ್ದುದನ್ನೇ ಅಕ್ಷರ ಬಿಡದೆ ಹೇಳಿದ ಮೇಲೆ ಕ್ಷೌರಿಕ ಸರಿ ಅಂದ. ಒಂದು ಸಲವಲ್ಲ, ಬೆಳಗಿನಿಂದ ಮೂರು ಸಲ ಹೀಗೇ ಆಯಿತು. ಮಗಳು ಬಿಲ್ಲೆಯ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಚಿಕ್ಕವಳಿದ್ದಾಗ ಅಳು ತಡೆಯಬೇಕಾದರೆ ಲಂಗದ ಲಾಡಿಯನ್ನು ಹಾಗೇ ಸುತ್ತುತ್ತಿದ್ದಳು. ತಾನು ಆಡಲು ಕೂತದ್ದೇ ಇದಕ್ಕೆಲ್ಲ ಕಾರಣ ಅಂತ ಅಪ್ಪನಿಗೆ ಅನ್ನಿಸಿತು. ಎದ್ದು ಮನೆಗೆ ಹೋಗೋಣ ಅಂತಲೂ ಅನ್ನಿಸಿತು. ಆದರೆ ಆವತ್ತು ದೊಡ್ಡಿ ಎಂದೂ ಇಲ್ಲದಂತೆ ಗೆಲ್ಲುತ್ತಿತ್ತು, ಅವನು ಹೋಗಲಿಲ್ಲ.

ನಾಲ್ಕನೇ ಸುತ್ತಿನಲ್ಲಿ ಎದುರಿಗೆ ಬಂದವಳು ಔಷಧಿ ಅಂಗಡಿಯಾಕೆ. ಸೋತವರೂ ನಾಲ್ಕು ಸುತ್ತೂ ಆಡುವ ಟೂರ್ನಮೆಂಟ್ ಅದು, ಅಂಕದ ಲೆಕ್ಕದಲ್ಲಿ ಈ ಮೇಜಿನಲ್ಲಿ ಗೆದ್ದವರು ಕೊನೆಯ ನಾಲ್ವರಲ್ಲಿ ಒಬ್ಬರು. ಆಕೆಯದು ಮಂತ್ರಗಳೇ ತುಂಬಿದ ಕಟ್ಟು, ಮಾತ್ರೆ ಎಣಿಸಿ ಪಳಗಿದ ಚುರುಕು ಬೆರಳು. ಮೂರು ಆಟದಲ್ಲಿ ಒಂದು ಇವನಿಗೆ, ಒಂದು ಆಕೆಗೆ. ಮೂರನೆಯದರಲ್ಲಿ ಹೆಗ್ಗಣದ ತಾಯಿ ಬೇಗನೆ ಇಳಿದಳು. ಪ್ರತಿ ಸರದಿಗೂ ಇವನು ಡಬ್ಬಿಯಿಂದ ಎರಡು ವಾಷರ್ ತೆಗೆದು ಸಾಲಾಗಿ ಇಟ್ಟ. ಆಕೆ ಒಂದು ಮರಿಯನ್ನು ಮಂತ್ರ ಹಾಕಿ ಸುಟ್ಟಳು, ತಾಯಿ-ಮರಿಗಳನ್ನು ಬಿಟ್ಟು ಇವನ ಬೇರೆ ಜೀವಿಗಳನ್ನೂ ಒಂದೊಂದಾಗಿ ಮುಗಿಸಿದಳು. ಆಕೆಯ ಪ್ರಾಣ ಹತ್ತಕ್ಕೆ ಇಳಿದಿತ್ತು, ತಡೆಯಲು ಮುಂದೆ ಒಂದು ಜೀವಿಯೂ ಇರಲಿಲ್ಲ. ಒಂದೊಂದು ಮರಿಗೂ ಒಂದೊಂದು ಪ್ರಾಣ ಕಚ್ಚುವ ಶಕ್ತಿ, ಹುಟ್ಟಿದ ಗಳಿಗೆಯಲ್ಲೇ ಓಡುವ ಕಾಲು. ಐದನೇ ಬಾರಿ ಎರಡು ವಾಷರ್ ಇಟ್ಟು, ಎಲ್ಲವನ್ನೂ ಅಂಗೈಯಿಂದ ಮುಂದಕ್ಕೆ ತಳ್ಳಿ, "ಎಲ್ಲಾ ಹೊರಟವು" ಅಂದ.

ಆಕೆ ಬೆರಳಿಟ್ಟು ಎಣಿಸಿದಳು. ಹತ್ತು. ನಕ್ಕು ಕೈ ಚಾಚಿದಳು. ಕೈಯಲ್ಲಿದ್ದ ಒಂದು ಕಾರ್ಡನ್ನು ತಿರುಗಿಸಿ ತೋರಿಸಿದಳು, ಪ್ರವಾಹದ ಮಂತ್ರ. ಇನ್ನೊಂದು ಸರದಿ ಸಿಕ್ಕಿದ್ದರೆ ನಿಮ್ಮ ದೊಡ್ಡಿಯನ್ನೇ ತೊಳೆದುಬಿಡುತ್ತಿದ್ದೆ, ಒಂದೇ ಒಂದು ಪ್ರಾಣ ಉಳಿದಿದ್ದರೆ ಸಾಕಿತ್ತು ಅಂದಳು. ಕಾರ್ಡುಗಳನ್ನೆಲ್ಲ ಕಟ್ಟಿಗೆ ಸೇರಿಸಿ ಕಲೆಸಿದಳು, ಫಲಿತಾಂಶದ ಚೀಟಿಗೆ ಸಹಿ ಹಾಕಿ ಇವನ ಮುಂದೆ ಸರಿಸಿ, ನೀರು ಕುಡಿಯಲು ಕಿಟಕಿಯ ಬಳಿ ಹೋದಳು.

ಹನ್ನೊಂದು ವರ್ಷದ ಮೇಲೆ ಕೊನೆಯ ನಾಲ್ವರು. ಅವನು ಪೆನ್ನು ತೆಗೆದುಕೊಂಡ. ಎಡಗೈ ತನ್ನಷ್ಟಕ್ಕೆ ವಾಷರ್‌ಗಳನ್ನು ಡಬ್ಬಿಗೆ ಎಳೆಯತೊಡಗಿತ್ತು. ಒಂದು ವಾಷರ್ ಬೆರಳಿಗೆ ಅಂಟಿಕೊಂಡಿತು. ತಿರುಗಿಸಿ ನೋಡಿದ. ಒಂದು ಮುಖಕ್ಕೆ ಕಪ್ಪು ಗ್ರೀಸಿನ ಬಳೆ. ಪಕ್ಕದ್ದನ್ನು ತಿರುಗಿಸಿದ, ಅದಕ್ಕೂ ಅಂಥದೇ ಬಳೆ. ಎರಡನ್ನೂ ಮುಖಕ್ಕೆ ಮುಖ ಕೂಡಿಸಿದರೆ ಕೂದಲಷ್ಟೂ ಸಂದಿಲ್ಲದೆ ಕೂತವು.

ಆಮೇಲೆ ಲೆಕ್ಕ ಹಾಕಿದ. ಐದು ಸರದಿ, ಸರದಿಗೆ ಎರಡು, ಹತ್ತು. ಸುಟ್ಟುಹೋದದ್ದು ಒಂದು. ಉಳಿಯಬೇಕಾದದ್ದು ಒಂಬತ್ತು. ಯಾವುದೋ ಸರದಿಯಲ್ಲಿ ಎರಡು ತೆಗೆದೆ ಅಂದುಕೊಂಡಾಗ ಗ್ರೀಸಿಗೆ ಅಂಟಿದ ಜೋಡಿ ಒಂದಾಗಿ ಕಂಡು ಮೂರು ಬಂದಿದ್ದವು, ತಳ್ಳುವಾಗ ಅಂಟು ಬಿಟ್ಟಿತ್ತು. ಕಣ್ಣೆದುರಿಗೆ ನಿಂತಿದ್ದನ್ನೇ ನಂಬುವವನು ಈ ಸಲವೂ ಅದನ್ನೇ ನಂಬಿದ್ದ. ಒಂಬತ್ತಾಗಿದ್ದರೆ ಆಕೆಗೆ ಒಂದು ಪ್ರಾಣ ಉಳಿಯುತ್ತಿತ್ತು.

ಹಾಲಿನಲ್ಲಿ ಯಾರೂ ಇವನನ್ನು ನೋಡುತ್ತಿರಲಿಲ್ಲ. ಡಬ್ಬಿ ಮುಚ್ಚಿದರೆ ಮುಗಿಯಿತು. ಆ ಕ್ಷಣದಲ್ಲಿ ಅವನಿಗೆ ಬಂದ ಮೊದಲ ಯೋಚನೆ ಒಳ್ಳೆಯದೇನಾಗಿರಲಿಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮಗಳಿಗೆ ಮಾತು ಕೊಟ್ಟಿದ್ದೇನಲ್ಲ, ಕೈ ಎತ್ತಲ್ಲ ಅಂತ, ಅನ್ನುವ ನೆಪ ಹುಡುಕಿತು ಮನಸ್ಸು. ಮೊದಲೇ ಅವಳನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ, ಈಗ ಅಪ್ಪನದೇ ಮೊಕದ್ದಮೆ ಅವಳ ಮುಂದೆ ಇಟ್ಟರೆ ಇದ್ದ ಮರ್ಯಾದೆಯೂ ಹೋದೀತು ಅಂದಿತು. ಗೆಲ್ಲುವ ಆಸೆಗೆ ಮಗಳ ಮೇಲಿನ ಮಮತೆಯ ಅಂಗಿ ತೊಡಿಸುವುದು ಎಷ್ಟು ಸುಲಭ ಅಂತ ಅವನಿಗೇ ನಾಚಿಕೆಯಾಯಿತು.

ಪೆನ್ನು ಚೀಟಿಯ ಮೇಲೆ ನಿಂತಿತ್ತು. ಯಾವ ಲಿಫ್ಟ್ ರಿಪೇರಿ ಮಾಡಿದರೂ ಯಂತ್ರದ ಕೋಣೆಯಲ್ಲಿ ತೂಗುಹಾಕಿದ ಕಾರ್ಡಿಗೆ ಸಹಿ ಹಾಕುವುದು ಅವನ ಕೆಲಸದ ಕೊನೆ. ಅದಕ್ಕೆ ಮುಂಚೆ ಖಾಲಿ ಲಿಫ್ಟಿನಲ್ಲಿ ತಾನೊಬ್ಬನೇ ಮೇಲಿಂದ ಕೆಳಗೆ ಒಮ್ಮೆ ಹೋಗಿಬರುವುದು ಅವನ ಪದ್ಧತಿ. ಆರು ವರ್ಷದ ಮಗಳು ಒಂದು ಸಲ ಯಾಕೆ ಅಂತ ಕೇಳಿದ್ದಳು. ನಾನು ಹತ್ತದ ಲಿಫ್ಟಿಗೆ ಇನ್ನೊಬ್ಬರನ್ನ ಹೇಗಮ್ಮ ಹತ್ತಿಸಲಿ ಅಂದಿದ್ದ. ಈ ಚೀಟಿಗೆ ಸಹಿ ಹಾಕಿ ಅವಳ ಕೈಗೇ ಕೊಡಬೇಕಿತ್ತು.

ಅವನು ಪೆನ್ನು ಕೆಳಗಿಟ್ಟು ಕೈ ಎತ್ತಿದ.

"ಜಡ್ಜ್."

ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಅಲ್ಲಿದ್ದ ತಲೆಗಳೆಲ್ಲ ತಿರುಗಿದವು. ಮಗಳು ಬಂದು ಮೇಜಿನ ಪಕ್ಕ ನಿಂತಳು, ಮುಖ ಬಿಳಿಚಿಕೊಂಡಿತ್ತು. ಅವನು ಎರಡು ವಾಷರ್‌ಗಳನ್ನು ಕೂಡಿಸಿ, ಬಿಡಿಸಿ ತೋರಿಸಿ ಆದದ್ದನ್ನು ಹೇಳಿದ. ಔಷಧಿ ಅಂಗಡಿಯಾಕೆ ನೀರಿನ ಲೋಟ ಹಿಡಿದೇ ಬಂದಳು. ಆಕೆಗೆ ಕಸಿವಿಸಿ, ಹೋಗಲಿ ಬಿಡಿ, ನಾನೇ ಎಣಿಸಿದ್ದೆನಲ್ಲ ಅಂದಳು. ಮೂಲೆಯಲ್ಲಿ ಗಡ್ಡಪ್ಪ ಅರ್ಧ ಎದ್ದ. ಮಗಳು ಅವನ ಕಡೆ ನೋಡಲಿಲ್ಲ.

"ನೀವು ಸಹಿ ಹಾಕಿದ್ದೀರಾ?" ಅಂತ ಅಪ್ಪನನ್ನು ಕೇಳಿದಳು.

ಮನೆಯಲ್ಲಿ ನೀನು ಅನ್ನುವವಳು. ಇಲ್ಲ ಅಂದ.

ಔಷಧಿ ಅಂಗಡಿಯಾಕೆಯನ್ನು ಕೇಳಿದಳು, ಕೈಯಲ್ಲಿದ್ದ ಕಾರ್ಡುಗಳನ್ನು ಕಟ್ಟಿಗೆ ಸೇರಿಸಿ ಕಲೆಸಿದ್ದೀರಾ ಅಂತ. ಹೌದು ಅಂದಳು ಆಕೆ. ಅಲ್ಲಿಯವರೆಗೆ ಇವನ ಮನಸ್ಸಿನಲ್ಲೊಂದು ಆಸೆ ಉಳಿದಿತ್ತು: ಆಟವನ್ನು ಹಿಂದಕ್ಕೆ ತಿರುಗಿಸಿ ಅಲ್ಲಿಂದಲೇ ಮುಂದುವರಿಸಿ ಅಂದಾಳು, ಪ್ರವಾಹ ಬಂದರೂ ಹೆಗ್ಗಣದ ತಾಯಿ ಉಳಿದಾಳು. ಮಗಳು ಬಿಲ್ಲೆಯ ದಾರಕ್ಕೆ ಕೈ ಹಾಕಿದಳು, ಸುತ್ತಲಿಲ್ಲ, ಬಿಟ್ಟಳು.

"ಕಾರ್ಡು ಕಲೆಸಿದ ಮೇಲೆ ಆಟ ಹಿಂದಕ್ಕೆ ಹೋಗಲ್ಲ. ತಮ್ಮ ಜೀವಿಗಳ ಎಣಿಕೆ ಸರಿಯಾಗಿಡೋದು ಆಯಾ ಆಟಗಾರರ ಹೊಣೆ. ತಪ್ಪು ಎಣಿಕೆಯಿಂದ ಆಟ ಮುಗಿದಿದ್ದರೆ, ತಪ್ಪು ಯಾರದೋ ಸೋಲು ಅವರದು. ಈ ಸುತ್ತು ಇವರು ಗೆದ್ದರು."

ಚೀಟಿಯನ್ನು ಹರಿದು ಹೊಸದು ಬರೆದಳು. ಅವನ ಮುಂದೆ ಸರಿಸಿದಳು. ಸಹಿ ಹಾಕುವಾಗ ಅವನಿಗೆ ನಿಜಕ್ಕೂ ಹೊಟ್ಟೆ ಉರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅಂತ, ಸ್ವಲ್ಪ ಮರುಕವಾದರೂ ಅವಳ ಮುಖದಲ್ಲಿ ಕಾಣಬಾರದೆ ಅಂತ. ಮರುಕ ಕಾಣಲಿಲ್ಲ. ಚೀಟಿ ತೆಗೆದುಕೊಂಡು, "ಧನ್ಯವಾದ" ಅಂದು ಅವಳು ಮುಂದಿನ ಮೇಜಿಗೆ ಹೋದಳು.

ಅವನು ಕೂತಲ್ಲೇ ಕೂತು ದೊಡ್ಡಿಯ ಕಾರ್ಡುಗಳನ್ನು ಕಟ್ಟಿಡತೊಡಗಿದ. ಹಾಲ್ ಮತ್ತೆ ತನ್ನ ಗಲಗಲಕ್ಕೆ ಮರಳಿತು. ಇನ್ನೂ ಮುಗಿಯದ ಎರಡೇ ಮೇಜು ಉಳಿದಿದ್ದವು. ಅದರಲ್ಲೊಂದರಿಂದ ಕ್ಷೌರಿಕನ ದನಿ ಎದ್ದಿತು, ಅವನಿಗೆ ತಕರಾರಿಲ್ಲದ ಸುತ್ತೇ ಇರುತ್ತಿರಲಿಲ್ಲ. ಅವನು ಕೈ ಎತ್ತಿದ. ಗಡ್ಡಪ್ಪ ಅಭ್ಯಾಸಬಲದಿಂದ ಮೊಣಕಾಲು ಹಿಡಿದು ಕುರ್ಚಿಯಿಂದ ಎದ್ದ.

"ನೀವು ಕೂತ್ಕೊಳಿ ಗಡ್ಡಪ್ಪನೋರೇ," ಅಂದ ಕ್ಷೌರಿಕ, "ನಾನು ಕರೆದಿದ್ದು ಜಡ್ಜನ್ನ."

ಮಗಳು ಆ ಕಡೆ ನಡೆದಳು. ಅಪ್ಪನ ಮೇಜಿನ ಪಕ್ಕವೇ ದಾರಿ. ಈ ಸಲ ಕಿಟಕಿಯಾಚೆ ನೋಡಲಿಲ್ಲ. ನಡಿಗೆ ನಿಲ್ಲಿಸದೆ, ಅವನಿಗೆ ಮಾತ್ರ ಕೇಳುವಂತೆ, "ಮೊದಲು ಅವನ್ನ ತೊಳಿ ಅಪ್ಪ," ಅಂದು ಹೋದಳು.

ಅವನು ಕರ್ಚೀಫು ತೆಗೆದು ವಾಷರ್‌ಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕಿದ. ಕಣ್ಣು ಮಂಜಾಗಿತ್ತು, ಎಣಿಕೆ ಎರಡು ಸಲ ತಪ್ಪಿತು. ಮೂರನೇ ಸಲ ಸರಿಯಾಗಿ ಎಣಿಸಿ ಮುಚ್ಚಳ ಹಾಕಿದ.