ನಾಲ್ಕು ಬದು

"ಇಲ್ಲೊಂದು ಸೈನು, ಅಲ್ಲೊಂದು ಸೈನು. ಅಷ್ಟೇ ಕಣವ್ವ," ಎಂದು ಪ್ರಭುಸ್ವಾಮಿ ಪೆನ್ನನ್ನು ತಂಗಿಯ ಕೈಗಿಟ್ಟ.

ಹುಣಸೂರಿನ ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದ ಶಿವನಂಜಮ್ಮ ಕಾಗದದ ಮೇಲೆ ಕಣ್ಣಾಡಿಸಿದಳು. ಗಾವಡಗೆರೆಯ ಅಪ್ಪನ ಹೊಲದಲ್ಲಿ ತನಗಿರುವ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಪತ್ರ. ಸೈನು ಹಾಕಿದ ಹೆಣ್ಣುಮಕ್ಕಳಿಗೆ ತವರಿನಿಂದ ಅರಿಶಿನ ಕುಂಕುಮ, ಒಂದು ಸೀರೆ. ಹಾಕದವರನ್ನು ಹಬ್ಬಕ್ಕೆ ಕರೆಯುವವರಿರುವುದಿಲ್ಲ.

ಇಂಥ ಪತ್ರಗಳನ್ನು ಅವಳು ಇಪ್ಪತ್ತೆರಡು ವರ್ಷ ಟೈಪು ಮಾಡಿದ್ದಳು, ವಕೀಲೆ ವಿಮಲಮ್ಮನವರ ಗುಮಾಸ್ತೆಯಾಗಿ. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಹಳೆಯ ಜಾವಾ ಬೈಕು ಓಡಿಸುತ್ತಿದ್ದ ಹೆಂಗಸು. ಜಿಲ್ಲಾ ಪಂಚಾಯಿತಿ ಸದಸ್ಯೆಯಾದ ಮೇಲೂ ಜೀಪಿಗೆ ಕಾಯಲಿಲ್ಲ. ಗುಮಾಸ್ತೆಯನ್ನು ಹಿಂದೆ ಕೂರಿಸಿಕೊಂಡು ಕಾಡಂಚಿನ ಗಿರಿಜನರ ಹಾಡಿಗಳಿಗೆ ಹೊರಟುಬಿಡುತ್ತಿದ್ದರು. ಒಮ್ಮೆ ಕಾಕನಕೋಟೆಯ ದಾರಿಗೆ ಒಂಟಿ ಸಲಗ ಅಡ್ಡ ನಿಂತಿತ್ತು. ವಿಮಲಮ್ಮ ಗಾಡಿ ನಿಲ್ಲಿಸಿ ಕೇಸಿನ ಫೈಲು ಬಿಚ್ಚಿದ್ದರು.

"ಅಮ್ಮಾ, ಆನೆ!"

"ಅದಕ್ಕೆ ವಾಯಿದೆ ಕೊಟ್ಟಿದ್ದೀನಿ ಕಣೆ. ಸುಮ್ನೆ ಕೂತ್ಕೊ."

ಇಪ್ಪತ್ತು ನಿಮಿಷ ಕಳೆದು ಆನೆ ಬಿದಿರು ಮೆಳೆಗೆ ಇಳಿದಿತ್ತು.

ಪಾಲು ಬಿಡಲು ಬಂದ ಹೆಂಗಸರಿಗೆ ಅವರು ಬೇಡ ಎನ್ನುತ್ತಿರಲಿಲ್ಲ. "ನಾಕು ಬದುವನ್ನೂ ನಡೆದು ಬಾ. ಆಮೇಲೂ ಬಿಡೋ ಮನಸ್ಸಿದ್ರೆ ನಾನೇ ಬರೆದುಕೊಡ್ತೀನಿ," ಎಂದು ವಾಪಸು ಕಳಿಸುತ್ತಿದ್ದರು. ಆ ಮಾತನ್ನು ಅಷ್ಟು ವರ್ಷ ಕೇಳಿಸಿಕೊಂಡಿದ್ದ ಶಿವನಂಜಮ್ಮ ಮದುವೆಯಾದಂದಿನಿಂದ ಅಪ್ಪನ ಹೊಲ ತುಳಿದಿರಲಿಲ್ಲ.

ಅವಳು ಪೆನ್ನನ್ನು ಹಿಂದಕ್ಕೆ ಕೊಟ್ಟಳು. "ಒಂದ್ಕಿತ ಒಲ ಸುತ್ಕಂಡ್ ಬತ್ತೀನಿ ಕಣಣ್ಣ."

"ಈಗ್ಲಾ? ಒಲ ಎಲ್ಗೋಯ್ತದೆ?"

"ಎಲ್ಗೂ ಓಗಕಿಲ್ಲ. ನಾನೇ ಓಗ್ಬೇಕು."

"ಆ ವಕೀಲಮ್ಮ ಸತ್ರೂ ನಿನ್ ತಲೆಯಿಂದ ಇಳಿದಿಲ್ಲ," ಎಂದು ಗೊಣಗುತ್ತಲೇ ಅವನು ಸ್ಕೂಟರ್ ತೆಗೆದ.

ಅಪ್ಪನ ಹೊಲದಲ್ಲಿ ಹೊಗೆಸೊಪ್ಪು ಎದೆಮಟ್ಟ ಬೆಳೆದಿತ್ತು. ಮೂಡಲ ಬದುವಿನಿಂದ ಹೊರಟ ಶಿವನಂಜಮ್ಮ ಮೊದಲು ಎಡವಿದಳು. ಬದು ಅವಳ ನೆನಪಿಗಿಂತ ಕಿರಿದಾಗಿತ್ತು. ಪಡುವಲ ಮೂಲೆಯ ಬೇವಿನ ಬುಡದಲ್ಲಿ ಅವ್ವ ಬುತ್ತಿ ಬಿಚ್ಚುತ್ತಿದ್ದಳು. ಅಲ್ಲೇ ಕೂತು ಅಣ್ಣ ತಂಗಿ ಇಬ್ಬರೂ ಕುಯ್ದ ಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುತ್ತಿದ್ದರು, ಯಾರದು ಮೊದಲು ಮುಗಿಯುತ್ತದೆಂದು ಜಗಳವಾಡುತ್ತ. ಅವಳದೇ ಮೊದಲು ಮುಗಿಯುತ್ತಿತ್ತು.

ನಾಲ್ಕನೆಯ ಬದು ಮುಗಿದಾಗ ಅವಳು ಏದುಸಿರು ಬಿಡುತ್ತಿದ್ದಳು. "ಪಾಲು ಬಿಡಕಿಲ್ಲ ಕಣಣ್ಣ," ಎಂದಳು.

"ಅಂಗಾರೆ ತವರು ಬ್ಯಾಡ ಅನ್ನು."

"ಅದ ನಾನೇಳ್ನಿಲ್ಲ."

ಪ್ರಭುಸ್ವಾಮಿ ಮುಖ ತಿರುಗಿಸಿದ. ಅವಳು ಹೊಲಕ್ಕಿಳಿದು, ಎಲೆಗಳ ಸಂದಿಯಲ್ಲಿ ಒಡೆಯುವ ಬೇಡದ ಕುಡಿಗಳನ್ನು ಮುರಿಯಲೆಂದು ಗಿಡದಿಂದ ಗಿಡಕ್ಕೆ ಹುಡುಕತೊಡಗಿದಳು. ಒಂದೂ ಸಿಗಲಿಲ್ಲ. ಆದರೂ ಮುಂದಕ್ಕೆ ಹೋದಳು. ಅವನು ಬದುವಿನ ಮೇಲಿಂದ ಅವಳು ಹುಡುಕುವುದನ್ನು ನೋಡಿದ.

"ಆ ಸಾಲಲ್ಲಿ ಕುಡಿ ನೆನ್ನೇನೇ ಮುರ್ದಾಯ್ತು," ಎಂದು ಕೊನೆಗೆ ಕೂಗಿದ. "ಈಚೆ ಸಾಲ್ಗೆ ಬಾ."

ಅವಳು ಎರಡೂ ಕೈಯಿಂದ ಎಲೆಗಳನ್ನು ಸರಿಸಿ, ಒಂದೂ ಮುರಿಯದಂತೆ, ಈಚೆಗೆ ದಾಟಿದಳು.